ಕುಣಿತದ ಜಾಝ್‌ಗೇಕೆ ಕೆಳಗಿನ ಮಣೆ?

ಜಾಝ್ ಬಗ್ಗೆ ನಾಲ್ಕು ಪುಸ್ತಕ ಓದಿಕೊಂಡವರು ಯಾರೇ ಸಿಕ್ಕಲಿ, ಒಂದು ಮಾತು ತಪ್ಪದೆ ಬರುತ್ತದೆ. 1930ರ ದಶಕದ ಸ್ವಿಂಗ್ ಜನರನ್ನು ಕುಣಿಸುವ ವ್ಯಾಪಾರವಾಗಿತ್ತಂತೆ. 1940ರ ದಶಕದಲ್ಲಿ ಚಾರ್ಲಿ ಪಾರ್ಕರ್, ಡಿಝಿ ಗಿಲೆಸ್ಪಿ ಬಂದು ಬೀಬಾಪ್ ಕಟ್ಟಿದ ಮೇಲೆಯೇ ಜಾಝ್ ಕಲೆಯಾಯಿತಂತೆ. ಕುಣಿಯುವವರು ಹೋದರು, ಕೇಳುವವರು ಬಂದರು, ಸಂಗೀತ ಪ್ರಾಯಕ್ಕೆ ಬಂತು ಎಂಬ ಈ ಕಥೆ ಎಷ್ಟು ಒಪ್ಪವಾಗಿದೆಯೆಂದರೆ ಯಾರೂ ಅದನ್ನು ಮಗುಚಿ ನೋಡುವುದಿಲ್ಲ. ಈಚೆಗೆ ಮಂಗಳೂರಿನಲ್ಲಿ ಒಬ್ಬ ಗೆಳೆಯರ ಹತ್ತಿರ, ಹಾಡುತ್ತ ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಲೂಯಿಸ್ ಜೋರ್ಡನ್ ಹೆಸರೆತ್ತಿದೆ. ‘ಅವನು ಮನರಂಜನೆಯವನು ಮಾರಾಯ್ರೆ, ಜಾಝ್‌ನವನಲ್ಲ’ ಎಂದುಬಿಟ್ಟರು. ಒಳ್ಳೆಯ ಕಿವಿಯಿರುವ ಮನುಷ್ಯ, ನನಗಿಂತ ಹೆಚ್ಚು ಓದಿಕೊಂಡವರು. ಅಂಥವರೂ ಹೀಗೆನ್ನುವಾಗ ಸುಮ್ಮನಿರಲು ನನ್ನಿಂದಾಗದು.

ನಾನು ಆಲ್ಟೊ ಸ್ಯಾಕ್ಸೊಫೋನ್ ನುಡಿಸಿ ಹೊಟ್ಟೆ ಹೊರೆಯುವವನು. ನಮ್ಮ ದಕ್ಷಿಣ ಕನ್ನಡದಲ್ಲಿ ಈ ವಾದ್ಯ ಮದುವೆ ಮಂಟಪದಲ್ಲೂ ಇದೆ, ದೇವಸ್ಥಾನದ ಬಲಿಯಲ್ಲೂ ಇದೆ, ದೈವಗಳ ನೇಮದ ಅಂಗಳದಲ್ಲೂ ಇದೆ. ನೇಮದಲ್ಲಿ ನುಡಿಸುವಾಗ ನನ್ನ ಕಣ್ಣು ಗಗ್ಗರ ಕಟ್ಟಿದ ಕಾಲನ್ನು ಬಿಟ್ಟು ಅಲುಗುವುದಿಲ್ಲ. ಹೆಜ್ಜೆ ಬಿರುಸಾಗುವುದಕ್ಕೆ ಒಂದು ಕ್ಷಣ ಮೊದಲು ಮೊಣಕಾಲು ಸ್ವಲ್ಪ ಬಾಗುತ್ತದೆ, ಗಗ್ಗರದ ಸದ್ದು ಒಮ್ಮೆ ಬಿಗಿಯಾಗುತ್ತದೆ. ಅಷ್ಟರೊಳಗೆ ನನ್ನ ಸಾಲು ಮುಗಿದು ಹೊಸ ಸಾಲು ಹಿಡಿದಿರಬೇಕು. ತಾಸೆಯವನೂ ಡೋಲಿನವನೂ ಅದೇ ಕಾಲನ್ನು ನೋಡುತ್ತಿರುತ್ತಾರೆ. ಅರ್ಧ ಮಾತ್ರೆ ತಡವಾದರೆ ಅಂಗಳದಲ್ಲಿ ನಿಂತ ಮಕ್ಕಳಿಗೂ ತಿಳಿಯುತ್ತದೆ. ಸಭೆಯಲ್ಲಿ ಕೂತು ನುಡಿಸುವಾಗ ನನ್ನ ತಪ್ಪನ್ನು ಮುಚ್ಚಿಕೊಳ್ಳಲು ಹತ್ತು ದಾರಿಗಳಿವೆ, ಇಲ್ಲಿ ಒಂದೂ ಇಲ್ಲ. ಕುಣಿಯುವವರಿಗೆ ನುಡಿಸುವುದು ಸುಲಭದ ಕೆಲಸ ಎನ್ನುವವರು ನುಡಿಸಿ ನೋಡಿದವರಲ್ಲ.

ಹಾರ್ಲೆಮ್‌ನ ಸವಾಯ್ ಬಾಲ್‌ರೂಮ್ ಬಗ್ಗೆ ಓದಿದಾಗೆಲ್ಲ ನನಗೆ ಈ ಭಯವೇ ನೆನಪಾಗುತ್ತದೆ. 1926ರಿಂದ 1958ರವರೆಗೆ ಲೆನಾಕ್ಸ್ ಅವೆನ್ಯೂದಲ್ಲಿ ನಡೆದ ಆ ಜಾಗದಲ್ಲಿ ಕರಿಯರೂ ಬಿಳಿಯರೂ ಒಂದೇ ನೆಲದ ಮೇಲೆ ಕುಣಿಯುತ್ತಿದ್ದರು. ಎರಡು ವೇದಿಕೆ, ಒಂದು ಬ್ಯಾಂಡ್ ಇಳಿಯುವಾಗ ಇನ್ನೊಂದು ಹಿಡಿಯಬೇಕು. 1937ರ ಮೇ 11ರ ರಾತ್ರಿ ದೇಶಕ್ಕೆಲ್ಲ ‘ಸ್ವಿಂಗ್ ದೊರೆ’ಯಾಗಿದ್ದ ಬೆನ್ನಿ ಗುಡ್‌ಮನ್ ಅಲ್ಲಿಗೆ ಬಂದು ಮನೆ ಬ್ಯಾಂಡಿನ ಚಿಕ್ ವೆಬ್ ಎದುರು ಸೋತ. ತೀರ್ಪು ಕೊಟ್ಟದ್ದು ನೆಲದ ಮೇಲಿದ್ದ ಜನ. ಬೆನ್ನುಹುರಿಯ ಕ್ಷಯದಿಂದ ಗೂನಾಗಿದ್ದ ವೆಬ್ ಡ್ರಮ್ಮಿನ ಹಿಂದೆ ಕೂತು ಇಡೀ ಬ್ಯಾಂಡನ್ನು ಎತ್ತಿ ನಿಲ್ಲಿಸುತ್ತಿದ್ದವನು. ಆ ಬ್ಯಾಂಡಿನ ಸ್ಯಾಕ್ಸೊಫೋನ್ ಸಾಲಿನಲ್ಲಿ ಆಗ ಕೂತಿದ್ದವರಲ್ಲಿ ಒಬ್ಬ ಲೂಯಿಸ್ ಜೋರ್ಡನ್. ಅವನ ಕಲಿಕೆ ಆದದ್ದು ಅಲ್ಲಿ.

‘ವ್ಯಾಪಾರದ ಸಂಗೀತ’ ಎನ್ನುವವರಿಗೆ ಡ್ಯೂಕ್ ಎಲಿಂಗ್ಟನ್ ಮೇಲೆ ಮಾತ್ರ ಭಾರೀ ಗೌರವ. ಅವನ ಧ್ವನಿಮುದ್ರಣಗಳಲ್ಲಿ ನನಗೆ ಎಲ್ಲಕ್ಕಿಂತ ಮೇಲಿನದು 1940ರ ನವೆಂಬರ್ 7ರಂದು ನಾರ್ತ್ ಡಕೋಟಾದ ಫಾರ್ಗೊ ಊರಿನಲ್ಲಿ ಆದದ್ದು. ಅದು ಕಛೇರಿಯಲ್ಲ. ಕೊರೆಯುವ ಚಳಿಯ ಸೀಮೆಯಲ್ಲಿ, ಊರ ಜನ ಟಿಕೆಟ್ ಕೊಟ್ಟು ಕುಣಿಯಲು ಬಂದ ಒಂದು ರಾತ್ರಿ. ಇಬ್ಬರು ಯುವ ಅಭಿಮಾನಿಗಳು ಯಂತ್ರ ತಂದು ತಟ್ಟೆಗಳ ಮೇಲೆ ಹಿಡಿದಿಟ್ಟರು. ಎಲಿಂಗ್ಟನ್ ಬ್ಯಾಂಡಿನ ಬೆನ್ ವೆಬ್‌ಸ್ಟರ್ ‘ಸ್ಟಾರ್‌ಡಸ್ಟ್’ ನುಡಿಸುವುದನ್ನು ಕೇಳಿ. ಇಷ್ಟು ನಿಧಾನವಾಗಿ, ಇಷ್ಟು ಉಸಿರು ತುಂಬಿ, ಎದುರು ಜೋಡಿಗಳು ಅಪ್ಪಿಕೊಂಡು ಸರಿದಾಡುತ್ತಿರುವಾಗಲೇ ನುಡಿಸಲು ಸಾಧ್ಯ. 1956ರಲ್ಲಿ ಎಲಿಂಗ್ಟನ್ ಹಳಬನಾದ ಎಂದು ಎಲ್ಲರೂ ಕೈಬಿಟ್ಟಿದ್ದಾಗ ನ್ಯೂಪೋರ್ಟ್ ಉತ್ಸವದಲ್ಲಿ ಅವನನ್ನು ಮತ್ತೆ ಎತ್ತಿದ್ದೂ ಕುಣಿತವೇ. ಅವನ ಬ್ಯಾಂಡಿನ ಪಾಲ್ ಗೊನ್ಸಾಲ್ವೆಸ್ ಒಂದೇ ಬ್ಲೂಸಿನ ಮೇಲೆ 27 ಆವರ್ತ ನುಡಿಸುತ್ತ ಹೋದ. ನಡುವೆ ಒಬ್ಬ ಹೆಂಗಸು ಕುರ್ಚಿ ಬಿಟ್ಟೆದ್ದು ಕುಣಿಯತೊಡಗಿದಳು, ಜನಸಮೂಹವೇ ಎದ್ದಿತು. ಪುಸ್ತಕಗಳು ಈ ಘಟನೆಯನ್ನು ಸ್ವಾರಸ್ಯಕ್ಕೆಂದು ಹೇಳಿ ಮುಂದೆ ಹೋಗುತ್ತವೆ. ನನ್ನ ಪ್ರಕಾರ ಆ ರಾತ್ರಿಯ ಅರ್ಥವೇ ಅದು.

ಈಗ ಜೋರ್ಡನ್.

1908ರಲ್ಲಿ ಅರ್ಕನ್ಸಾದ ಬ್ರಿಂಕ್ಲಿಯಲ್ಲಿ ಹುಟ್ಟಿದವನು. ಅಪ್ಪನೇ ಬ್ಯಾಂಡ್ ಮಾಸ್ತರ, ಅಪ್ಪನೇ ಗುರು. 1938ರಲ್ಲಿ ವೆಬ್‌ನನ್ನು ಬಿಟ್ಟು ಸ್ವಂತ ಸಣ್ಣ ಬ್ಯಾಂಡ್ ಕಟ್ಟಿದ. ಮುಂದೆ ಅದು ‘ಟಿಂಪನಿ ಫೈವ್’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು, ಹೆಸರಿನಲ್ಲಿ ಐದಿದ್ದರೂ ಆರೇಳು ಜನ ಇರುತ್ತಿದ್ದರು. ಹದಿನೈದು ಹದಿನಾರು ಜನರ ದೊಡ್ಡ ಬ್ಯಾಂಡುಗಳು ಸಂಬಳ ಕೊಡಲಾಗದೆ, ಯುದ್ಧಕಾಲದಲ್ಲಿ ಪೆಟ್ರೋಲು, ಟೈರು ಸಿಗದೆ ಒಂದೊಂದಾಗಿ ಮುರಿದುಬೀಳುವಾಗ ಈತ ಬೆರಳೆಣಿಕೆಯ ಜನರನ್ನಿಟ್ಟುಕೊಂಡು ಅದೇ ಕುಣಿತದ ಹಾಲ್‌ಗಳನ್ನು ತುಂಬಿಸಿದ. ಸ್ಯಾಕ್ಸೊಫೋನಿನ ಐದಾರು ದನಿ, ಟ್ರಂಪೆಟ್ಟಿನ ನಾಲ್ಕು ದನಿ ಮಾಡುತ್ತಿದ್ದ ಕೆಲಸವನ್ನು ಎರಡು ಮೂರು ದನಿಗೆ ಇಳಿಸಿ ತೂಕ ಮಾತ್ರ ಹಾಗೆಯೇ ಉಳಿಸುವುದು ಎಷ್ಟು ಕಷ್ಟ ಎಂಬುದು ಬ್ಯಾಂಡಿಗೆ ಸ್ವರ ಬರೆದವರಿಗೆ ಗೊತ್ತು. ಮಿಂಟನ್ಸ್ ಕ್ಲಬ್ಬಿನಲ್ಲಿ ಬೀಬಾಪ್ ರೂಪುಗೊಂಡದ್ದನ್ನು ಮಾತ್ರ ಆ ದಶಕದ ಕ್ರಾಂತಿ ಎನ್ನುತ್ತಾರೆ. ಜೋರ್ಡನ್ ಮಾಡಿದ್ದೂ ಕ್ರಾಂತಿಯೇ, ಮತ್ತು ಅದರ ಫಲವನ್ನು ಜಗತ್ತಿನ ಹೆಚ್ಚಿನ ಜನ ಇಂದಿಗೂ ಕೇಳುತ್ತಿದ್ದಾರೆ.

‘ಚೂ ಚೂ ಚಬೂಗಿ’ ತೆಗೆದುಕೊಳ್ಳಿ. 1946ರ ಜನವರಿಯಲ್ಲಿ ಡೆಕ್ಕಾ ಕಂಪನಿಗೆ ಮುದ್ರಿಸಿದ್ದು, ಮೂರು ನಿಮಿಷವೂ ಇಲ್ಲ. ಅದರ ನಡೆಯನ್ನು ಅಮೆರಿಕದವರು ಶಫಲ್ ಎನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಪ್ರತಿ ಎಣಿಕೆಯೂ ತಿಶ್ರ ನಡೆ. ‘ತಕಿಟ’ ಎಂದು ಮೂರು ಪಾಲು ಮಾಡಿ ನಡುವಿನ ‘ಕಿ’ಯನ್ನು ನುಂಗಿಕೊಳ್ಳಿ. ‘ತ’ ಎಳೆಯುತ್ತದೆ, ‘ಟ’ ಮುಂದಿನ ‘ತ’ದ ಮೇಲೆ ಬೀಳುತ್ತದೆ, ಕಾಲು ತಾನೇ ಮುಂದೆ ಹೋಗುತ್ತದೆ. ಆ ನುಂಗಿದ ‘ಕಿ’ಯ ಅಳತೆಯಲ್ಲಿ ಎಲ್ಲವೂ ಇದೆ. ಸ್ವಲ್ಪ ಹೆಚ್ಚು ನುಂಗಿದರೆ ಕುಂಟುತ್ತದೆ, ಕಡಿಮೆಯಾದರೆ ಕವಾಯತು ಆಗುತ್ತದೆ. ಡ್ರಮ್ಮು, ಬಾಸು, ಪಿಯಾನೊ, ಗಿಟಾರು ನಾಲ್ಕೂ ಆ ಅಳತೆಯಲ್ಲಿ ಕೂದಲೆಳೆ ತಪ್ಪದೆ ಕೂತಿವೆ. ಅದರ ಮೇಲೆ ಜೋರ್ಡನ್‌ನ ಹಾಡು ಆರಾಮವಾಗಿ ಹೆಜ್ಜೆ ಹಾಕುತ್ತದೆ, ಅವಸರವಿಲ್ಲ, ಒಂದು ಅಕ್ಷರವೂ ನುಜ್ಜಾಗುವುದಿಲ್ಲ. ವಿಷಯವೂ ಹಗುರವಲ್ಲ: ರೈಲಿನಿಂದಿಳಿದು ಪತ್ರಿಕೆಯಲ್ಲಿ ಕೆಲಸ ಹುಡುಕುವವನ ಪಾಡು, ಯುದ್ಧ ಮುಗಿದ ಮರುವರ್ಷ ಲಕ್ಷಾಂತರ ಜನರ ಪಾಡು. ಕರಿಯ ಶ್ರೋತೃಗಳ ಪಟ್ಟಿಯಲ್ಲಿ ಅದು 18 ವಾರ ಮೊದಲ ಸ್ಥಾನದಲ್ಲಿತ್ತು. ಹದಿನೆಂಟು ವಾರ ಒಂದು ಹಾಡನ್ನು ತಲೆಯ ಮೇಲೆ ಹೊತ್ತ ಜನರಿಗೆ ರುಚಿಯಿರಲಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ತಮ್ಮ ಬದುಕು ಅದರಲ್ಲಿದೆ ಎಂದು ಅವರಿಗೆ ಗೊತ್ತಾಗಿತ್ತು.

ಜೋರ್ಡನ್‌ನ ಆಲ್ಟೊ ದನಿಯ ಬಗ್ಗೆ ಯಾರೂ ಬರೆಯುವುದಿಲ್ಲವಾದ್ದರಿಂದ ನಾನು ಬರೆಯಬೇಕು. ಗಟ್ಟಿ ದನಿ, ಅಂಚು ಸ್ವಲ್ಪ ಒರಟು, ಸ್ವರದ ಮೊದಲ ಹೊಡೆತ ನಾಲಿಗೆಯಿಂದ ಖಚಿತ. ಹಾಡಿದ ಬಾಯಿಯನ್ನೇ ತೆಗೆದು ವಾದ್ಯಕ್ಕಿಟ್ಟಂತೆ, ಮಾತು ಎಲ್ಲಿ ನಿಂತಿತೋ ಅಲ್ಲಿಂದ ಸ್ಯಾಕ್ಸೊಫೋನ್ ಮುಂದುವರಿಯುತ್ತದೆ. ಹಾಡುಗಾರಿಕೆಯನ್ನು ವಾದ್ಯದಲ್ಲಿ ತರುವುದೇ ಹಿರಿಮೆ ಎಂದು ನಂಬಿದ ನಮ್ಮ ಕಡೆಯವರಿಗೆ ಇದು ತಕ್ಷಣ ಹತ್ತಬೇಕಿತ್ತು. ಸಾನಿ ರಾಲಿನ್ಸ್‌ಗೆ ಹತ್ತಿತ್ತು. ಟೆನರ್ ಸ್ಯಾಕ್ಸೊಫೋನಿನ ಮಹಾಗಂಭೀರ ಎಂದು ಎಲ್ಲರೂ ತಲೆಬಾಗುವ ರಾಲಿನ್ಸ್ ಹುಡುಗನಾಗಿದ್ದಾಗ ಮರುಳಾದದ್ದು ಜೋರ್ಡನ್‌ಗೆ, ಅದನ್ನವನು ಮುಚ್ಚಿಟ್ಟವನಲ್ಲ. ಅತ್ತ ಟಿಂಪನಿ ಫೈವ್‌ನ ಗಿಟಾರ್ ವಾದಕ ಕಾರ್ಲ್ ಹೋಗನ್ 1946ರಲ್ಲಿ ಒಂದು ಹಾಡಿನ ಆರಂಭಕ್ಕೆ ನುಡಿಸಿದ ಸಾಲನ್ನು 1958ರಲ್ಲಿ ಚಕ್ ಬೆರ್ರಿಯ ‘ಜಾನಿ ಬಿ. ಗುಡ್’ ಆರಂಭದಲ್ಲಿ ಕೇಳಬಹುದು. ಡೆಕ್ಕಾದಲ್ಲಿ ಜೋರ್ಡನ್‌ನ ಹಾಡುಗಳನ್ನು ಮುದ್ರಿಸಿದ ಮಿಲ್ಟ್ ಗೇಬ್ಲರ್‌ನೇ 1954ರಲ್ಲಿ ಬಿಲ್ ಹೇಲಿಯ ‘ರಾಕ್ ಅರೌಂಡ್ ದ ಕ್ಲಾಕ್’ ಮುದ್ರಿಸಿದ. ಬಿಳಿಯ ಹುಡುಗರು ಅದೇ ನಡೆ ಹಿಡಿದು ಕೋಟಿ ಮಾಡಿದರು, ಜೋರ್ಡನ್‌ನ ಕಾಲ ಆಗಲೇ ಮುಗಿಯುತ್ತ ಬಂದಿತ್ತು. 1975ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ತೀರಿಕೊಂಡ. ರಾಕ್ ಸಂಗೀತದವರು 1987ರಲ್ಲಿ ಅವನನ್ನು ತಮ್ಮ ಪೂರ್ವಿಕನೆಂದು ಗೌರವಿಸಿದರು. ಜಾಝ್ ಚರಿತ್ರೆಕಾರರು ಅರ್ಧ ಪುಟ ಕೊಟ್ಟರೆ ಹೆಚ್ಚು.

ಅವನು ನಗಿಸುತ್ತಿದ್ದ, ಕಣ್ಣರಳಿಸುತ್ತಿದ್ದ, ಕೋಳಿ ಗೂಡಿನ ಹಾಡು ಹಾಡುತ್ತಿದ್ದ ಎಂಬುದು ಅವರ ಇನ್ನೊಂದು ಆಕ್ಷೇಪ. ಯಕ್ಷಗಾನದ ಹಾಸ್ಯಗಾರನಿಗೆ ಎಷ್ಟು ಲಯಜ್ಞಾನ ಬೇಕೆಂದು ಬಲ್ಲವರು ಈ ಮಾತನ್ನು ಆಡಲಾರರು. ಮೇಳದಲ್ಲಿ ಹಾಸ್ಯದ ವೇಷಕ್ಕೆ ಸುಮ್ಮನೆ ಯಾರನ್ನೂ ಕೂರಿಸುವುದಿಲ್ಲ.

ಈ ತಿರಸ್ಕಾರಕ್ಕೆ ತತ್ತ್ವದ ಅಂಗಿ ತೊಡಿಸಿದವರಲ್ಲಿ ನನಗೆ ಎಲ್ಲರಿಗಿಂತ ಸಿಟ್ಟು ಬರುವುದು ಜರ್ಮನಿಯ ಥಿಯೊಡೋರ್ ಅಡೋರ್ನೊ ಮೇಲೆ. 1936ರಲ್ಲಿ ಬೇರೊಂದು ಹೆಸರಿನಲ್ಲಿ ಜಾಝ್ ವಿರುದ್ಧ ಬರೆದ, 1941ರಲ್ಲಿ ಜನಪ್ರಿಯ ಸಂಗೀತದ ವಿರುದ್ಧ ಬರೆದ. ತಾಳಕ್ಕೆ ಕುಣಿಯುವವರು ತಾಳಕ್ಕೆ ವಿಧೇಯರು, ಆ ವಿಧೇಯತೆಯೇ ಅವರನ್ನು ಅಧಿಕಾರಕ್ಕೂ ಬಗ್ಗಿಸುತ್ತದೆ ಎಂಬುದು ಅವನ ವಾದದ ಒಳತಿರುಳು. ಸವಾಯ್‌ನಲ್ಲಿ ಹುಟ್ಟಿ ಬೆಳೆದ ಲಿಂಡಿ ಹಾಪ್ ಕುಣಿತದಲ್ಲಿ ಜೋಡಿ ಕೈಬಿಟ್ಟು ಬೇರೆಯಾಗಿ, ಇಬ್ಬರೂ ತಮಗೆ ತೋಚಿದ ಹೆಜ್ಜೆ ಹಾಕಿ, ಮತ್ತೆ ಸರಿಯಾದ ಎಣಿಕೆಗೆ ಬಂದು ಸೇರುವ ಘಟ್ಟವೇ ಪ್ರಾಣ. 1935ರ ಸುಮಾರಿಗೆ ಫ್ರಾಂಕಿ ಮ್ಯಾನಿಂಗ್ ತನ್ನ ಜೊತೆಗಾತಿಯನ್ನು ಬೆನ್ನ ಮೇಲಿಂದ ಗಾಳಿಯಲ್ಲಿ ಹಾರಿಸಿ ತಾಳಕ್ಕೆ ಸರಿಯಾಗಿ ನೆಲಕ್ಕಿಳಿಸಿದ. ಯಾರ ಆಜ್ಞೆಗೆ? ಬೀದಿಯಲ್ಲಿ ತಲೆತಗ್ಗಿಸಿ ನಡೆಯಬೇಕಾಗಿದ್ದ ಕರಿಯ ತರುಣರು ಆ ನೆಲದ ಮೇಲೆ ಯಾರಿಗೂ ತಲೆಬಾಗಲಿಲ್ಲ. ಅಡೋರ್ನೊ ಬರೆದದ್ದು ಕಾಲಿಲ್ಲದ ಸೌಂದರ್ಯಶಾಸ್ತ್ರ. ಅದನ್ನೇ ಇಂದಿಗೂ ನಮ್ಮ ವಿಶ್ವವಿದ್ಯಾಲಯಗಳಲ್ಲಿ ವಿಮರ್ಶೆಯ ಕೊನೆಯ ಮಾತೆಂದು ಉದ್ಧರಿಸುವವರಿದ್ದಾರೆ.

ಜಾಝ್‌ನ ಮುಂದೆ ಕುರ್ಚಿಗಳು ಬಂದದ್ದು ಕಲೆಯ ಒಳಗಿನ ಬೆಳವಣಿಗೆಯಿಂದ ಮಾತ್ರವಲ್ಲ. 1944ರ ಏಪ್ರಿಲ್‌ನಲ್ಲಿ ಅಮೆರಿಕದ ಸರ್ಕಾರ ಹಾಡು, ಕುಣಿತ ಇರುವ ಕ್ಲಬ್ಬುಗಳ ಬಿಲ್ಲಿನ ಮೇಲೆ 30% ತೆರಿಗೆ ಹಾಕಿತು. ಕೆಲವೇ ತಿಂಗಳಲ್ಲಿ ಅದನ್ನು 20%ಕ್ಕೆ ಇಳಿಸಿದರೂ 1960ರವರೆಗೆ ಅಷ್ಟೇ ಇತ್ತು, ಪೂರ್ತಿ ಹೋದದ್ದು 1965ರಲ್ಲಿ. ಬರೀ ವಾದ್ಯ ನುಡಿಸಿ, ಯಾರೂ ಕುಣಿಯದಿದ್ದರೆ ತೆರಿಗೆ ಇಲ್ಲ. ಮಾಲೀಕ ಏನು ಮಾಡುತ್ತಾನೆ? ಕುಣಿಯುವ ನೆಲಕ್ಕೆ ಮೇಜು ಹಾಕುತ್ತಾನೆ, ನಾಲ್ಕೈದು ವಾದಕರನ್ನು ಕೂರಿಸುತ್ತಾನೆ. ಹೀಗೆ ಕೂತು ಕೇಳುವ ಅಭ್ಯಾಸವಾದ ಮೇಲೆ ಅದೇ ಸಂಸ್ಕಾರ ಎನಿಸಿತು. ಪಾರ್ಕರ್‌ನ ಪ್ರತಿಭೆಯನ್ನು ಯಾವ ತೆರಿಗೆಯೂ ಹುಟ್ಟಿಸಲಿಲ್ಲ, ನಿಜ. ಅವನ ‘ಕೋ ಕೋ’ ಕೇಳಿದಾಗ ನನಗೂ ಮೈ ನಡುಗುತ್ತದೆ. ಆದರೆ ಅವನ ಹಿಂದೆ ಬಂದ ಸಾವಿರಾರು ಜನ ಹತ್ತು ಹತ್ತು ನಿಮಿಷ ಒಬ್ಬೊಬ್ಬರೇ ನುಡಿಸುತ್ತ, ಎದುರಿಗಿರುವವರು ಉಸಿರಾಡುತ್ತಿದ್ದಾರೋ ಇಲ್ಲವೋ ನೋಡದೆ ಹೋದದ್ದಕ್ಕೆ ಆ ಕುರ್ಚಿಗಳೂ ಕಾರಣ. ಕೂತವರು ಬೇಸರವಾದರೂ ಕೂತೇ ಇರುತ್ತಾರೆ. ಕುಣಿಯುವವರು ನಿಂತುಬಿಡುತ್ತಾರೆ.

ನಮ್ಮಲ್ಲೂ ಇದೇ ಏಣಿ ಇದೆ. ಮೇಲೆ ಸಭೆಯ ಕಛೇರಿ, ಅದರ ಕೆಳಗೆ ನೃತ್ಯಕ್ಕೆ ಹಾಡುವವರು, ಇನ್ನೂ ಕೆಳಗೆ ಆರ್ಕೆಸ್ಟ್ರಾದವರು, ಎಲ್ಲಕ್ಕಿಂತ ಕೆಳಗೆ ತಮಟೆ, ಡೋಲು, ತಾಸೆ. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮರುಳಾಗಿ, ಅದಕ್ಕೆ ಗಮಕ ಒಲಿಸಿ, ಕರ್ನಾಟಕ ಸಂಗೀತದ ದೊಡ್ಡ ವೇದಿಕೆಗಳಿಗೆ ಒಯ್ದರು. ಅವರ ಆ ಸಾಧನೆಯಿಂದಲೇ ನನ್ನಂಥವರ ಅನ್ನದ ದಾರಿ ಅಗಲವಾಯಿತು. ಆದರೆ ಸಭೆಯವರು ಅದರಿಂದ ಕಲಿತ ಪಾಠ ನನಗೆ ಒಪ್ಪಿಗೆಯಿಲ್ಲ. ವಾದ್ಯ ಸಭೆಗೆ ಬಂದದ್ದರಿಂದ ಪಾವನವಾಯಿತು ಎಂದುಕೊಂಡರು. ಅದೇ ಕದ್ರಿಯವರ ಬಾನಿಯನ್ನು ಕಲಿತ ಹುಡುಗ ನೇಮದಲ್ಲಿ ಬೆಳಗಿನ ಜಾವದವರೆಗೆ ನುಡಿಸಿ ಬಂದರೆ ‘ಕೈ ಕೆಡಿಸಿಕೊಳ್ಳಬೇಡ’ ಎನ್ನುವ ವಿದ್ವಾಂಸರಿದ್ದಾರೆ. ಕೈ ಕೆಡುವುದಿಲ್ಲ, ಗಟ್ಟಿಯಾಗುತ್ತದೆ.

ಹೀಗೆ ಬಲ್ಲವರೆಲ್ಲ ಕುಣಿತದಿಂದ ದೂರ ಸರಿದು ಕೂತದ್ದರ ಫಲ ಈಗ ಊರೂರಲ್ಲಿ ಕಾಣುತ್ತಿದೆ. ಮೆಹಂದಿ ರಾತ್ರಿಗಳಿಗೆ ಡಿಜೆ ಬಂದಿದ್ದಾನೆ. ಹುಡುಗ ಹುಡುಗಿಯರು ಚೆನ್ನಾಗಿ ಕುಣಿಯುತ್ತಾರೆ, ಅವರ ರುಚಿಯ ಬಗ್ಗೆ ನನಗೆ ದೂರಿಲ್ಲ. ದೂರಿರುವುದು, ಅವರ ಕಾಲನ್ನು ನೋಡುವವರು ಯಾರೂ ಇಲ್ಲ ಎಂಬುದಕ್ಕೆ. ಯಂತ್ರದ ತಾಳ ರಾತ್ರಿಯಿಡೀ ಒಂದೇ ಅಳತೆ, ಅವರು ದಣಿದರೂ ಅಷ್ಟೇ, ಉಕ್ಕಿದರೂ ಅಷ್ಟೇ. ಜನಪ್ರಿಯ ಸಂಗೀತ ಕೆಟ್ಟಿತು ಎಂದು ಗೋಳಾಡುವ ವಿದ್ವಾಂಸರು ಈ ಜಾಗವನ್ನು ಯಾರೂ ಕೇಳದೆಯೇ ಬಿಟ್ಟುಕೊಟ್ಟವರು.

ನನ್ನಲ್ಲಿಗೆ ಸ್ಯಾಕ್ಸೊಫೋನ್ ಕಲಿಯಲು ಬರುವ ಹುಡುಗರಿಗೆ ಸರಳೆ, ಜಂಟಿ ಮುಗಿದು ಸ್ವಲ್ಪ ಉಸಿರು ನಿಂತ ಮೇಲೆ ಜೋರ್ಡನ್‌ನ ಶಫಲ್ ಹಾಕಿ, ಎದ್ದು ನಿಂತು ಕಾಲು ಹಾಕಿಸುತ್ತೇನೆ. ವಾದ್ಯ ಆಮೇಲೆ. ಪಾರ್ಕರ್‌ನನ್ನು ಯಾವಾಗ ಕೇಳಿಸುತ್ತೀರಿ ಎಂದು ಆ ಗೆಳೆಯರು ಕೇಳುತ್ತಾರೆ. ಪಾರ್ಕರ್ ಕೂಡ ಕ್ಯಾನ್ಸಸ್ ಸಿಟಿಯ ಜೇ ಮೆಕ್‌ಶಾನ್‌ನ ಬ್ಯಾಂಡಿನಲ್ಲಿ ಕೂತು ಊರೂರಲ್ಲಿ ಜನರನ್ನು ಕುಣಿಸಿದವನು. 1942ರಲ್ಲಿ ಆ ಬ್ಯಾಂಡಿನ ಜೊತೆ ನ್ಯೂಯಾರ್ಕಿಗೆ ಬಂದಾಗ ಅವನು ನುಡಿಸಿದ್ದು ಸವಾಯ್‌ನಲ್ಲಿ, ಲಿಂಡಿ ಕುಣಿಯುವವರ ಎದುರು. ನನ್ನ ಹುಡುಗರೂ ಅದೇ ದಾರಿಯಲ್ಲಿ ಅವನ ಹತ್ತಿರ ಹೋಗಲಿ.