ಒಂದು ಕರಪತ್ರ, ಐವರು ಓದುಗರು

ನ್ಯಾಯಾಲಯದ ತೀರ್ಪೊಂದನ್ನು ಸಾಹಿತ್ಯದ ಪುಟದಲ್ಲಿ ವಿಮರ್ಶೆಗೆ ಎತ್ತಿಕೊಳ್ಳುವುದು ಕೆಲವು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ತೀರ್ಪೂ ಗದ್ಯವೇ ಅಲ್ಲವೆ? ಅದರಲ್ಲಿಯೂ, ಒಂದು ಬರಹವು ಓದುವವನ ಮನಸ್ಸನ್ನು ಏನು ಮಾಡಬಲ್ಲುದು ಎಂಬುದನ್ನೇ ಮುಖ್ಯ ಪ್ರಶ್ನೆಯನ್ನಾಗಿ ಮಾಡಿಕೊಂಡ ತೀರ್ಪು, ತರಗತಿಯಲ್ಲಿ ಕಾವ್ಯಮೀಮಾಂಸೆಯನ್ನು ಪಾಠ ಹೇಳುವ ನನ್ನಂಥವನಿಗೆ ಪರಕೀಯವಾಗಲಾರದು. ಶಿವ ಕೃಪಾಲ್ ಸಿಂಗ್ ಮತ್ತು ವಿ. ವಿ. ಗಿರಿ ಅವರ ನಡುವಣ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1970ರ ಸೆಪ್ಟೆಂಬರಿನಲ್ಲಿ ಕೊಟ್ಟ ತೀರ್ಪು ಅಂಥದು. ರಾಷ್ಟ್ರಪತಿಯ ಚುನಾವಣೆಯನ್ನೇ ರದ್ದುಗೊಳಿಸಬೇಕೆಂದು ಕೇಳಿದ ಅರ್ಜಿಗಳನ್ನು ಐವರು ನ್ಯಾಯಮೂರ್ತಿಗಳು ಕುಳಿತು ವಿಚಾರಿಸಿದ ಪ್ರಸಂಗ ಅದು.

ಆ ಕಥೆಯ ಮೊದಲ ಅಂಕ ನಡೆದುದು ನಮ್ಮ ನಾಡಿನಲ್ಲಿಯೇ. 1969ರ ಮೇ 3ರಂದು ಡಾ. ಜಾಕಿರ್ ಹುಸೇನರು ತೀರಿಕೊಂಡರು. ಜುಲೈ ತಿಂಗಳಿನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿತು. ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ಅದೇ ಹೊತ್ತಿಗೆ ಅಲ್ಲಿಯೇ ಕೂಡಿದ ಪಾರ್ಲಿಮೆಂಟರಿ ಬೋರ್ಡು ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯನ್ನಾಗಿ ಆರಿಸಿತು. ಇಂದಿರಾ ಗಾಂಧಿಯವರಿಗೆ ಅದು ಒಪ್ಪಿಗೆಯಾಗಲಿಲ್ಲ. ಎರಡೇ ವರ್ಷಗಳ ಹಿಂದಿನವರೆಗೂ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಗಿರಿಯವರು ಸ್ವತಂತ್ರರಾಗಿ ನಿಂತರು. ಆತ್ಮಸಾಕ್ಷಿಯಂತೆ ಮತ ಕೊಡಿರೆಂದು ಪ್ರಧಾನಿಯೇ ಕರೆಕೊಟ್ಟರು. ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಮೊದಲ ಪ್ರಾಶಸ್ತ್ಯದ ಮತಗಳಲ್ಲಿ ಯಾರಿಗೂ ಬೇಕಾದಷ್ಟು ಸಿಕ್ಕದೆ, ಎರಡನೆಯ ಪ್ರಾಶಸ್ತ್ಯವನ್ನು ಕೂಡಿಸಿದ ಮೇಲೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಮುಂದೆ ಕಾಂಗ್ರೆಸ್ಸು ಒಡೆದುದನ್ನು ಇಲ್ಲಿ ಹೇಳುವ ಕಾರಣವಿಲ್ಲ. ಈ ಪ್ರಸಂಗವನ್ನು ನಮ್ಮವರು ಅದೊಂದೇ ದೃಷ್ಟಿಯಿಂದ, ಇಬ್ಬರು ಜಟ್ಟಿಗಳ ಕಾಳಗವೆಂಬಂತೆ ಬರೆದು ಮುಗಿಸಿರುವುದರಿಂದಲೇ, ನಡುವೆ ಬಿದ್ದಿದ್ದ ಕಾಗದದ ಚೂರೊಂದು ಮರೆತುಹೋಗಿದೆ.

ಅದೊಂದು ಅನಾಮಧೇಯ ಕರಪತ್ರ. ಸಂಜೀವ ರೆಡ್ಡಿಯವರ ಶೀಲವನ್ನು ಅಸಹ್ಯವಾಗಿ ಹಳಿಯುವ ಬರಹ. ಅಂಚೆಯ ಮೂಲಕ ಮತದಾರರಿಗೆ, ಎಂದರೆ ಸಂಸತ್ತಿನ ಮತ್ತು ವಿಧಾನಸಭೆಗಳ ಸದಸ್ಯರಿಗೆ ಅದು ಹೋಯಿತು. ಪಾರ್ಲಿಮೆಂಟಿನ ಸೆಂಟ್ರಲ್ ಹಾಲಿನಲ್ಲಿಯೇ ಕೈಯಿಂದ ಕೈಗೆ ಹಂಚಲಾಯಿತೆಂಬುದು ಅರ್ಜಿದಾರರ ಮುಖ್ಯ ವಾದ. ಕಾಯಿದೆಯು ಚುನಾವಣೆಯನ್ನು ರದ್ದುಪಡಿಸಲು ಒಪ್ಪುವ ದೋಷಗಳಲ್ಲಿ ಒಂದು ಲಂಚ. ಇನ್ನೊಂದಕ್ಕೆ ಕನ್ನಡದಲ್ಲಿ ‘ಅನುಚಿತ ಪ್ರಭಾವ’ ಎನ್ನುತ್ತೇವೆ. ಒಂದು ಹೊಲಸು ಸುಳ್ಳು ಅನುಚಿತ ಪ್ರಭಾವವಾಗಬಲ್ಲುದೆ?

ಇಲ್ಲಿ ಐವರು ಓದುಗರು ಇಬ್ಭಾಗವಾದರು. ಇಬ್ಬರ ಮತ ಹೀಗೆ: ಅಭ್ಯರ್ಥಿಯ ಶೀಲದ ಬಗ್ಗೆ ಸುಳ್ಳು ಪ್ರಕಟಿಸುವುದು ದಂಡಸಂಹಿತೆಯಲ್ಲಿ ಬೇರೆಯೇ ಒಂದು ಅಪರಾಧ, ಸುಳ್ಳು ಮತದಾರನ ತಿಳಿವಳಿಕೆಯನ್ನು ಕೆಡಿಸಬಹುದು, ಅವನ ಸ್ವಾತಂತ್ರ್ಯವನ್ನು ಕಸಿಯುವುದಿಲ್ಲ. ಮೂವರು ಅದಕ್ಕೆ ಒಪ್ಪಲಿಲ್ಲ. ಮಾತಿನ ಘೋರತೆಗೂ ಒಂದು ಪ್ರಮಾಣವುಂಟು. ಆ ಮಿತಿಯನ್ನು ದಾಟಿದ ನಿಂದೆ ವಾದ ಹೂಡುವುದಿಲ್ಲ, ಮನಸ್ಸನ್ನೇ ಕಟ್ಟಿಹಾಕುತ್ತದೆ ಎಂಬುದು ಅವರ ನಿಲುವಿನ ತಿರುಳು. ನಾನು ಮೂವರ ಪಕ್ಷ. ಇಬ್ಬರದು ವಾಚ್ಯಾರ್ಥದಲ್ಲಿಯೇ ನಿಂತ ಓದು. ಆ ಕರಪತ್ರ ತನ್ನ ವಾಚ್ಯದಲ್ಲಿ ರೆಡ್ಡಿಯವರ ಕುರಿತಾದುದು. ಅದರ ವ್ಯಂಗ್ಯಾರ್ಥವಾದರೋ ಓದುವವನ ಕುರಿತಾದುದು: ‘ಇಂಥವನಿಗೆ ಮತ ಕೊಡುವ ನೀನು ಎಂಥವನು?’ ಆನಂದವರ್ಧನನ ವಿದ್ಯಾರ್ಥಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆದರಿಕೆಗೆ ದೊಣ್ಣೆಯೇ ಬೇಕೆಂದಿಲ್ಲ, ನಾಚಿಕೆಯೂ ಸಾಕು.

ಕಾಯಿದೆ ಬರೆದವರಿಗೂ ಇದರ ಅರಿವು ಸ್ವಲ್ಪ ಇತ್ತೆಂದು ಕಾಣುತ್ತದೆ. 1920ರಲ್ಲಿ ದಂಡಸಂಹಿತೆಗೆ ಸೇರಿದ ಆ ಅಧ್ಯಾಯದಲ್ಲಿ, ಮತದಾರನನ್ನು ದೇವರ ಕೋಪಕ್ಕೆ ಗುರಿಯಾಗುವೆಯೆಂದು ನಂಬಿಸುವುದೂ ಅನುಚಿತ ಪ್ರಭಾವವೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಈ ಮಾತನ್ನು ಉಳಿಸಿಕೊಂಡಿದೆ. ಬಜಪೆಯ ಸುತ್ತಿನ ನಮ್ಮ ಊರುಗಳಲ್ಲಿ ಈ ವಾಕ್ಯವನ್ನು ಓದಿ ಯಾರೂ ನಗಲಾರರು. ದೈವದ ಮುಂದೆ ಇಟ್ಟ ಆಣೆಯ ತೂಕ ಎಷ್ಟೆಂಬುದು ತುಳುನಾಡಿನವರಿಗೆ ಗೊತ್ತು. ಆದರೆ ಅದೇ ತುಳುನಾಡಿಗೆ ಗೊತ್ತಿರುವ ಇನ್ನೊಂದು ಸಂಗತಿ ಕಾಯಿದೆಯ ಪಟ್ಟಿಯಲ್ಲಿ ಹೆಸರಿನಿಂದ ಬರುವುದಿಲ್ಲ. ಚಾಲಗೇಣಿಯ ಒಕ್ಕಲಿಗೆ ಧಣಿಯು ಬಾಯಿಬಿಟ್ಟು ಏನನ್ನೂ ಹೇಳಬೇಕಾಗಿರಲಿಲ್ಲ. ಜಗಲಿಯಲ್ಲಿ ಕುಳಿತು, ‘ಓಟಿಗೆ ಹೋಗಿಬಂದೆಯಾ?’ ಎಂದು ವಿಚಾರಿಸಿದರೆ ಸಾಕಾಗಿತ್ತು. 1974ರಲ್ಲಿ ಭೂಸುಧಾರಣೆ ಬರುವವರೆಗೂ ಅವನು ನಿಂತ ನೆಲವೇ ಆ ಪ್ರಶ್ನೆಯೊಳಗಿತ್ತು. ನುಡಿಯನ್ನು ಇಷ್ಟು ಸೂಕ್ಷ್ಮವಾಗಿ ಓದಿದ ಕೋರ್ಟು, ಇಂಥ ಮೌನವನ್ನು ಓದುವ ಹಾದಿಯನ್ನು ತೋರಿಸಲಿಲ್ಲ. ಮಂತ್ರಿಗಳೂ ಪ್ರಧಾನಿಯೂ ಒತ್ತಡ ಹೇರಿದರೆಂಬ ಆರೋಪ ಅರ್ಜಿಗಳಲ್ಲಿತ್ತು. ಮಂತ್ರಿಯಾದವನಿಗೂ ಮತ ಯಾಚಿಸುವ ಹಕ್ಕುಂಟೆಂದು ಅದು ಕೈಬಿಟ್ಟುಹೋಯಿತು. ಹಕ್ಕು ಉಂಟು, ನಿಜ. ಆದರೆ ಯಾಚಿಸುವವನ ಕೈಯಲ್ಲಿ ಏನಿದೆ ಎಂಬುದೂ ಯಾಚನೆಯ ಅರ್ಥದಲ್ಲಿ ಸೇರಿಕೊಳ್ಳುವುದಿಲ್ಲವೆ?

ತೀರ್ಪಿನ ನಿಜವಾದ ದೌರ್ಬಲ್ಯ ಕೊನೆಗೆ ಬರುತ್ತದೆ. ಕರಪತ್ರದ ಹಂಚಿಕೆ ಅನುಚಿತ ಪ್ರಭಾವದ ಪರಿಧಿಗೆ ಬರಬಲ್ಲುದೆಂದು ಮೂವರು ಒಪ್ಪಿದರು; ಆದರೆ ಗಿರಿಯವರ ಸಮ್ಮತಿ ಅದರಲ್ಲಿತ್ತೆಂದಾಗಲಿ, ಫಲಿತಾಂಶವು ಅದರಿಂದ ನಿಜಕ್ಕೂ ಬದಲಾಯಿತೆಂದಾಗಲಿ ರುಜುವಾತಾಗಲಿಲ್ಲ; ಆದಕಾರಣ ಅರ್ಜಿಗಳೆಲ್ಲ ವಜಾ. ಸಮ್ಮತಿಯ ಮಾತು ನ್ಯಾಯವಾದುದೇ. ಯಾವನೋ ಅನಾಮಧೇಯ ಬರೆದುದಕ್ಕೆ ಗಿರಿಯವರೇಕೆ ತಲೆಕೊಡಬೇಕು? ಆದರೆ ಎರಡನೆಯದು? ಅಂತರ 14,650. ಆಗ ಪಾರ್ಲಿಮೆಂಟಿನ ಒಬ್ಬ ಸದಸ್ಯನ ಮತದ ಮೌಲ್ಯ 576. ಹದಿಮೂರು ಮಂದಿ ಸದಸ್ಯರು ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ರಾಷ್ಟ್ರಪತಿಯೇ ಬೇರೆಯಾಗುತ್ತಿದ್ದರು. ಈ ಹದಿಮೂರು ಮನಸ್ಸುಗಳನ್ನು ಹುಡುಕುವುದೆಲ್ಲಿ? ಗುಪ್ತಮತದಾನದಲ್ಲಿ ಯಾರನ್ನೂ ಕೇಳುವಂತಿಲ್ಲ. ಕೇಳಿದರೂ, ಹೊಲಸು ಕಾಗದ ಓದಿ ನಾನು ಮನಸ್ಸು ಬದಲಾಯಿಸಿದೆನೆಂದು ಯಾವ ಸದಸ್ಯ ಪ್ರಮಾಣಮಾಡಿ ಹೇಳುತ್ತಾನೆ? ಸಿಕ್ಕಲಾರದ ಸಾಕ್ಷ್ಯವನ್ನು ಕೇಳುವ ನಿಯಮ, ದೋಷವನ್ನು ಗುರುತಿಸಿದಂತೆ ಮಾಡಿ ಹೊರಗೆ ಬಿಟ್ಟುಬಿಡುತ್ತದೆ. ಇದು ನಮ್ಮದೊಂದೇ ದೇಶದ ಕಷ್ಟವೂ ಅಲ್ಲ. ಉಗಾಂಡದ ಸುಪ್ರೀಂ ಕೋರ್ಟು 2001ರಲ್ಲಿ ಮೂವರಿಗೆ ಇಬ್ಬರು, 2006ರಲ್ಲಿ ನಾಲ್ವರಿಗೆ ಮೂವರು ಎಂಬ ಬಹುಮತದಿಂದ ಅಧ್ಯಕ್ಷ ಮುಸೆವೆನಿಯವರ ಗೆಲುವನ್ನು ಎತ್ತಿಹಿಡಿಯಿತು. ಮತದಾರರನ್ನು ಹೆದರಿಸಿದ್ದುಂಟೆಂದು ಅಲ್ಲಿಯೂ ಕಂಡುಕೊಂಡರು. ಫಲಿತಾಂಶ ಅದರಿಂದ ಬದಲಾಯಿತೆಂಬುದು ಸಿದ್ಧವಾಗಲಿಲ್ಲವೆಂದು ಅಲ್ಲಿಯೂ ಹೇಳಿದರು. ಕೀನ್ಯದ ಕೋರ್ಟು 2017ರಲ್ಲಿ, ಮಲಾವಿಯದು 2020ರಲ್ಲಿ ಬೇರೆ ದಾರಿ ಹಿಡಿದವು. ಅಂಕಿಗಳಿಗಿಂತ ಚುನಾವಣೆ ನಡೆದ ರೀತಿಯನ್ನು ಮುಂದಿಟ್ಟುಕೊಂಡು ಅಧ್ಯಕ್ಷರ ಆಯ್ಕೆಯನ್ನೇ ರದ್ದುಮಾಡಿದವು.

ದೆಹಲಿಯ ತೀರ್ಪನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಅದರ ಗದ್ಯ ಶುಷ್ಕ. ಸಾಕ್ಷಿಗಳ ಹೇಳಿಕೆಗಳನ್ನು ಒಂದೊಂದಾಗಿ ತೂಗುವ ಪುಟಗಳು ಓದುಗನ ತಾಳ್ಮೆಯನ್ನು ಪರೀಕ್ಷಿಸುತ್ತವೆ. ಆದರೂ ಆ ತಾಳ್ಮೆಯಲ್ಲಿಯೇ ಒಂದು ಗಾಂಭೀರ್ಯವಿದೆ. ಕಮಿಷನ್ ಮುಖಾಂತರ ಹೇಳಿಕೆ ಕೊಡಬಹುದಾಗಿದ್ದ ರಾಷ್ಟ್ರಪತಿ, ತಾವೇ ಕೋರ್ಟಿಗೆ ಬಂದು ಸಾಕ್ಷ್ಯ ನುಡಿದರು. ಸಾಕ್ಷಿಯೊಬ್ಬರು ಅಲ್ಲವೆಂದ ಮಾತನ್ನು ಪರೀಕ್ಷಿಸಲು ಧ್ವನಿಮುದ್ರಿಕೆಯನ್ನು ಸ್ವೀಕರಿಸಬಹುದೆಂದು ಇದೇ ಮೊಕದ್ದಮೆಯಲ್ಲಿ ತೀರ್ಮಾನವಾಯಿತು. ಐದು ವರ್ಷ ಕಳೆಯುವುದರೊಳಗೆ, 1975ರ ಮೂವತ್ತೊಂಬತ್ತನೆಯ ತಿದ್ದುಪಡಿ ಈ ಬಾಗಿಲನ್ನೇ ಮುಚ್ಚಿತು. ರಾಷ್ಟ್ರಪತಿಯ ಚುನಾವಣೆಯ ವಿವಾದ ಸುಪ್ರೀಂ ಕೋರ್ಟಿನ ಕೈತಪ್ಪಿತು. ನಲವತ್ತನಾಲ್ಕನೆಯ ತಿದ್ದುಪಡಿ ಅದನ್ನು ಮತ್ತೆ ಅಲ್ಲಿಗೆ ತಂದಿತು.

ಕೊನೆಯದಾಗಿ, ಆ ಪದದ ಮಾತು. ಪ್ರಭಾವ, ಪ್ರಭು ಎರಡೂ ಒಂದೇ ಧಾತುವಿನಿಂದ ಹುಟ್ಟಿದವು. ಕನ್ನಡದಲ್ಲಿ ‘ಪ್ರಭಾವಶಾಲಿ’ ಎಂಬುದು ಹೊಗಳಿಕೆ. ಪತ್ರಿಕೆಗಳು ಮಂತ್ರಿಗಳಿಗೆ ಅದನ್ನು ಬಿರುದಿನಂತೆ ತೊಡಿಸುತ್ತವೆ. ಅದಕ್ಕೆ ‘ಅನುಚಿತ’ವೆಂದು ಅಂಟಿಸಿದ ಮಾತ್ರಕ್ಕೆ ಒಕ್ಕಲಿನ ಎದೆ ಧಸಕ್ಕೆಂದುದು ಅದರಲ್ಲಿ ಬರುವುದಿಲ್ಲ, ಅನುಚಿತವೆಂದರೆ ನಮಗೆ ಊಟದ ಪಂಕ್ತಿಯಲ್ಲಿ ಗಟ್ಟಿಯಾಗಿ ಮಾತಾಡಿದ ಹಾಗೆ ಕೇಳಿಸುತ್ತದೆ. ‘ಬೆದರಿಕೆ’ ಎಂದರೆ ಅರ್ಥ ಕಿರಿದಾಗುತ್ತದೆ, ‘ಬಲಾತ್ಕಾರ’ವೆಂದರೆ ದಿಕ್ಕೇ ತಪ್ಪುತ್ತದೆ. ತುಳುವರ ಆಡುಮಾತಿನಲ್ಲಿಯೋ ಬಯಲುಸೀಮೆಯ ಪಂಚಾಯಿತಿಕಟ್ಟೆಯಲ್ಲಿಯೋ ಇದಕ್ಕೆ ತಕ್ಕ ಮಾತು ಈಗಲೂ ಇದ್ದೀತು. ನಿಘಂಟು ಕಟ್ಟುವವರು ಆ ಕಡೆಗೆ ಒಮ್ಮೆ ಹೋಗಿಬರಬೇಕು.