ಆರು ಬಿಂದುಗಳ ನಡುವೆ ಕಳೆದುಹೋದ ಹಾರ್ಮೋನಿಕ್

ಬನಶಂಕರಿ ಎರಡನೇ ಹಂತದ ಮನೆಯೊಂದರಲ್ಲಿ ರಾತ್ರಿ ಕರೆಂಟ್ ಹೋಗಿ, ಹಳೆಯ ಸ್ಕ್ವೇರ್ ವೇವ್ ಯುಪಿಎಸ್ ಶುರುವಾಗುತ್ತಿದ್ದಂತೆ ಸೀಲಿಂಗ್ ಫ್ಯಾನು ಗುಂಯ್‌ಗುಡತೊಡಗುತ್ತದೆ. ಅರ್ಧ ಆವರ್ತ +1, ಇನ್ನರ್ಧ −1 ಎಂದು ಎರಡು ತುಂಡಾಗಿ ಬರೆಯುವ ಅಲೆ ಅದು. ಫೂರಿಯರ್ ವಿಧಾನದಲ್ಲಿ ಬಿಡಿಸಿದರೆ 50 ಹರ್ಟ್ಸ್ ಜೊತೆಗೆ 150, 250, 350 ಹರ್ಟ್ಸ್‌ಗಳೂ ಹೊರಬರುತ್ತವೆ. ಮೊದಲನೆಯದರ 1/3, 1/5, 1/7ರಷ್ಟು. ಹಾರ್ಮೋನಿಕ್‌ಗಳೆಂದರೆ ಇವೇ.

ಬಸವನಗುಡಿ, ಕುಮಾರಸ್ವಾಮಿ ಲೇಔಟ್ ಕಡೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಲೆಕ್ಕ ನೀರು ಕುಡಿದಷ್ಟು ಸಲೀಸು. ಬೆಸ ಫಲನ ಎಂದು ಗುರುತಿಸಿ, ಇಂಟಿಗ್ರೇಷನ್ ಮುಗಿಸಿ, 4/nπ ಎಂದು ಬರೆದುಬಿಡುತ್ತಾರೆ. ನನ್ನ ತಕರಾರು ಅದರ ಮುಂದಿನ ಪಾಠದ ಬಗ್ಗೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯದಲ್ಲಿ ಬಹುಕಾಲದಿಂದ ಇರುವ ಪ್ರಾಕ್ಟಿಕಲ್ ಹಾರ್ಮೋನಿಕ್ ಅನಾಲಿಸಿಸ್‌ನಲ್ಲಿ ಸಮೀಕರಣ ಇರುವುದಿಲ್ಲ. 0, 60, 120 ಡಿಗ್ರಿ ಹೀಗೆ ಆರು ಕಡೆ ಅಳೆದ ಬೆಲೆಗಳ ಕೋಷ್ಟಕವಷ್ಟೇ.

ಅದೇ ಚೌಕ ಅಲೆಯನ್ನು ಆ ಕೋಷ್ಟಕದಲ್ಲಿಟ್ಟು ನೋಡಿ: 0, 1, 1, 0, −1, −1 (ಜಿಗಿಯುವ ಕಡೆ +1 ಮತ್ತು −1ರ ಸರಾಸರಿ 0). ಮೊದಲ ಹಾರ್ಮೋನಿಕ್ 1.155 ಬರುತ್ತದೆ, ನಿಜವಾದದ್ದು 1.273. ಮೂರನೆಯದು 0.424 ಬರಬೇಕು, ಬರುವುದು ಸೊನ್ನೆ! 60 ಡಿಗ್ರಿಯ ಪ್ರತಿ ಅಪವರ್ತ್ಯದಲ್ಲೂ sin 3θ ಸೊನ್ನೆಯಾಗುವುದರಿಂದ, ಇದ್ದ ಹಾರ್ಮೋನಿಕ್ ಕೋಷ್ಟಕದ ಕಣ್ಣಿಗೇ ಬೀಳುವುದಿಲ್ಲ. ಐದನೆಯದೋ ಮೊದಲನೆಯದರ ವೇಷ ಹಾಕಿಕೊಂಡು ಬರುತ್ತದೆ: ಈ ಆರು ಕೋನಗಳಲ್ಲಿ sin 5θ ಮತ್ತು −sin θ ಒಂದೇ.

ಕೋಷ್ಟಕದ ವಿಧಾನ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅಳತೆಗಳಿಂದ ಅಲೆಯನ್ನು ಬಿಡಿಸಲು ಅದು ಬಹಳ ಕೆಲಸಕ್ಕೆ ಬಂತು. ನಯವಾಗಿ ಏರಿಳಿಯುವ ಅಲೆಗೆ ಇಂದಿಗೂ ಸಾಕು. ಥಟ್ಟನೆ ಜಿಗಿಯುವ ಅಲೆಗೆ ಸಾಲದು ಎಂಬುದನ್ನು ಹೇಳದೆ ಕಲಿಸುವುದು ದೊಡ್ಡ ಕೊರತೆ. ನಾನು ಓದುವಾಗಲೂ ಇಂಟಿಗ್ರೇಷನ್ ಒಂದು ವಾರ, ಕೋಷ್ಟಕ ಇನ್ನೊಂದು ವಾರ. ಒಂದೇ ಅಲೆಯನ್ನು ಎರಡೂ ದಾರಿಯಲ್ಲಿ ನಡೆಸಿ ಯಾರೂ ತೋರಿಸಲಿಲ್ಲ.

ತೋರಿಸಲು ಕಾಲು ಗಂಟೆ ಸಾಕು. 30 ಡಿಗ್ರಿಗೊಂದರಂತೆ ಹನ್ನೆರಡು ಬಿಂದು ತೆಗೆದುಕೊಂಡರೆ ಕಳೆದುಹೋದ ಮೂರನೆಯದು 0.333 ಆಗಿ ಮರಳುತ್ತದೆ. ನೋಟ್‌ಬುಕ್ಕಿನ ಒಂದೇ ಪುಟದಲ್ಲಿ 0, 0.333, 0.424 ಸಾಲಾಗಿ ಕಂಡರೆ ಮುಂದಿನ ಪ್ರಶ್ನೆಯನ್ನು ವಿದ್ಯಾರ್ಥಿಯೇ ಎತ್ತುತ್ತಾನೆ: ಇಪ್ಪತ್ನಾಲ್ಕು ಬಿಂದು ತೆಗೆದುಕೊಂಡರೆ ಎಷ್ಟು ಬರುತ್ತದೆ ಸಾರ್?