ಜಖಂಗೊಂಡ ಕಾರಿಗೆ ಕಂಪನಿ ಕಟ್ಟುವ ಬೆಲೆ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರ ತಾಲ್ಲೂಕಿನ ಹವಳಗಾ ಕಡೆಯ ರಸ್ತೆಗಳಲ್ಲಿ ರಾತ್ರಿ ಕಾರು ಓಡಿಸುವವರು ಜೀವ ಕೈಯಲ್ಲಿ ಹಿಡಿದೇ ಹೋಗಬೇಕು. ಹಿಂದೆ ದೀಪವಿಲ್ಲದ, ರಿಫ್ಲೆಕ್ಟರ್ ಇಲ್ಲದ ಕಬ್ಬಿನ ಟ್ರೇಲರ್ ಹತ್ತಿರ ಬಂದ ಮೇಲೆಯೇ ಕಣ್ಣಿಗೆ ಬೀಳುವುದು. ಜೇವರ್ಗಿಯ ಕಡೆ ಹೆದ್ದಾರಿಯ ಲಾರಿಗಳ ಭಯ. ಇನ್ನು ಭೀಮೆ ಉಕ್ಕಿದರೆ, 2020ರ ಅಕ್ಟೋಬರ್‌ನಲ್ಲಿ ಉಕ್ಕಿದಂತೆ, ಮನೆ ಮುಂದೆ ನಿಲ್ಲಿಸಿದ ಗಾಡಿಗೂ ಉಳಿಗಾಲವಿಲ್ಲ. ಹೀಗೆ ಹೋದ ಕಾರಿಗೆ ಗ್ಯಾರೇಜಿನವರೂ ವಿಮೆಯವರೂ ಇಡುವ ಹೆಸರು ಒಂದೇ: ಟೋಟಲ್ ಲಾಸ್. ಆಮೇಲೆ ಕಂಪನಿಯಿಂದ ಒಂದು ಮೊತ್ತ ಬರುತ್ತದೆ, ಅದರ ಜೊತೆಗೇ ಒಂದು ಒತ್ತಾಯವೂ ಬರುತ್ತದೆ: 'ಇಷ್ಟೇ ಬರ್ತದ ನೋಡ್ರಿ, ಸಹಿ ಮಾಡ್ರಿ.'

ಈ ಮೊತ್ತ ಕಟ್ಟುವ ಪದ್ಧತಿಯ ಬಗ್ಗೆ ನನ್ನ ತಕರಾರಿದೆ. ನಿಯಮದ ಬಗ್ಗೆ ಅಲ್ಲ. ನಿಯಮ ಒಳ್ಳೆಯದೇ ಇದೆ.

ತೊಗರಿ ಬೆಳೆಯುವ ಈ ಭಾಗದ ಜನಕ್ಕೆ ವಿಮೆ ಎಂದರೆ ಮೊದಲು ನೆನಪಾಗುವುದು ಬೆಳೆ ವಿಮೆ. ಫಸಲ್ ಬಿಮಾದಲ್ಲಿ ಪರಿಹಾರ ಒಬ್ಬ ರೈತನ ಹೊಲ ನೋಡಿ ಬರುವುದಿಲ್ಲ, ಬಹುಪಾಲು ಪಂಚಾಯಿತಿ ಮಟ್ಟದ ಬೆಳೆ ಕಟಾವು ಪ್ರಯೋಗದ ಸರಾಸರಿ ನೋಡಿ ಬರುತ್ತದೆ. ಬಂದಷ್ಟು ತೆಗೆದುಕೊಂಡು ಸುಮ್ಮನಾಗುವ ರೂಢಿ ಅಲ್ಲಿಂದಲೇ ಬೆಳೆದಿದೆ ಎಂದು ನನಗನಿಸುತ್ತದೆ. ಕಾರಿನ ವಿಮೆ ಹಾಗಲ್ಲ. ಗಾಡಿ ಪೂರ್ತಿ ಹೋದರೆ ಎಷ್ಟು ಕೊಡಬೇಕು ಎಂಬುದನ್ನು ಕಂಪನಿ ಪಾಲಿಸಿಯ ಮೊದಲ ಪುಟದಲ್ಲೇ ಬರೆದುಕೊಟ್ಟಿರುತ್ತದೆ. ಅದಕ್ಕೆ ಐಡಿವಿ ಎನ್ನುತ್ತಾರೆ. ಅದೇ ಮಾದರಿಯ ಹೊಸ ಗಾಡಿಯ ಬೆಲೆಯಿಂದ ವಯಸ್ಸಿಗೆ ತಕ್ಕ ಸವಕಳಿ ಕಳೆದು ಇದನ್ನು ನಿಗದಿ ಮಾಡುತ್ತಾರೆ: ಒಂದರಿಂದ ಎರಡು ವರ್ಷದ ಗಾಡಿಗೆ ಶೇ 20, ಮೂರರಿಂದ ನಾಲ್ಕು ವರ್ಷದ್ದಕ್ಕೆ ಶೇ 40, ನಾಲ್ಕರಿಂದ ಐದು ವರ್ಷದ್ದಕ್ಕೆ ಶೇ 50. ಐದು ವರ್ಷ ದಾಟಿದರೆ ಇಬ್ಬರೂ ಒಪ್ಪಿಕೊಂಡ ಬೆಲೆ. ಟೋಟಲ್ ಲಾಸ್ ಆದಾಗ ಪಾಲಿಸಿಯ ಅವಧಿ ಪೂರ್ತಿ ಇದನ್ನೇ ಮಾರುಕಟ್ಟೆ ಬೆಲೆ ಎಂದು ಹಿಡಿಯಬೇಕು, ಮತ್ತೆ ಸವಕಳಿ ಕಳೆಯಬಾರದು. ಇದು 2002ರ ಮೋಟಾರು ಟ್ಯಾರಿಫ್‌ನಿಂದ ಬಂದ ಮಾತು, ಇಂದಿಗೂ ಪಾಲಿಸಿಗಳಲ್ಲಿ ಉಳಿದಿದೆ. ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದರೆ ಗಾಡಿ ಟೋಟಲ್ ಲಾಸ್.

ಇಷ್ಟು ಸ್ಪಷ್ಟವಾಗಿದ್ದ ಮೇಲೆ ಜಗಳ ಎಲ್ಲಿಂದ ಬರುತ್ತದೆ? ಒಂದು ಲೆಕ್ಕ ಹಾಕಿ ನೋಡೋಣ. ಆರು ಲಕ್ಷದ ಗಾಡಿ, ಮೂರು ವರ್ಷ ದಾಟಿದೆ. ಐಡಿವಿ 3,60,000 ರೂಪಾಯಿ, ಅದರ ಶೇ 75 ಎಂದರೆ 2,70,000. ಕಲಬುರಗಿಯ ಗ್ಯಾರೇಜು 2,95,000 ರೂಪಾಯಿಯ ಎಸ್ಟಿಮೇಟ್ ಕೊಟ್ಟಿತು ಎನ್ನಿ. ಮಾಲೀಕನ ಕಣ್ಣಿಗೆ ಇದು ಟೋಟಲ್ ಲಾಸ್. ಆದರೆ ಬಿಡಿಭಾಗಗಳ ಸವಕಳಿ ಕಳೆಯದಂತೆ ಮಾಡುವ ಜೀರೋ ಡೆಪ್ ಇಲ್ಲದ ಪಾಲಿಸಿಯಾದರೆ ಹಾನಿ ಅಳೆಯಲು ಬಂದ ಸರ್ವೇಯರ್ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ 50, ಲೋಹದ ಭಾಗಗಳಿಗೆ ಶೇ 25 ಸವಕಳಿ ಕಳೆಯುತ್ತಾನೆ. ಮೊತ್ತ ಎರಡು ಲಕ್ಷದ ಆಸುಪಾಸಿಗೆ ಇಳಿಯುತ್ತದೆ. 'ಗಾಡಿ ರಿಪೇರಿ ಆಗ್ತದ್ರಿ' ಎಂಬ ಉತ್ತರ ಬರುತ್ತದೆ. ಉಳಿದ ಸುಮಾರು ಒಂದು ಲಕ್ಷ ಮಾಲೀಕನ ಜೇಬಿನಿಂದ ಹೋಗಬೇಕು, ಕೈಗೆ ಬರುವುದು ಚಾಸಿ ಬಾಗಿ ಮತ್ತೆ ನೆಟ್ಟಗಾದ ಕಾರು. ಶೇ 75ರ ಲೆಕ್ಕವನ್ನು ಪೂರ್ತಿ ಖರ್ಚಿನ ಮೇಲೆ ಹಾಕಬೇಕೋ, ಸವಕಳಿ ಕಳೆದ ಮೇಲೋ ಎಂಬ ಪ್ರಶ್ನೆ ಬಂದಾಗ ಕಂಪನಿಗಳು ಆ ನಿಯಮದಲ್ಲಿರುವ 'ಪಾಲಿಸಿಯ ಷರತ್ತಿಗೆ ಒಳಪಟ್ಟು' ಎಂಬ ಮಾತನ್ನು ತಮಗೆ ಬೇಕಾದಂತೆ ಓದಿಕೊಳ್ಳುತ್ತವೆ. ನೆರೆಯಲ್ಲಿ ಮುಳುಗಿದ ಕಾರಿಗೂ ಇಂಥದ್ದೇ ಉಪಾಯ. ನೀರಲ್ಲಿ ಸ್ಟಾರ್ಟ್ ಮಾಡಿದ್ದರಿಂದ ಎಂಜಿನ್ ಹೋಯಿತು, ಅದು ನೇರ ಹಾನಿಯಲ್ಲ ಎಂದು ಎಂಜಿನ್ನಿನ ಖರ್ಚನ್ನೇ ಬದಿಗಿಡುತ್ತಾರೆ. ಚಾವಿಯನ್ನೇ ತಿರುಗಿಸದ ಕಾರಿಗೂ ಈ ಮಾತು ಹೇಳಿದರೆ ಅದನ್ನು ಒಪ್ಪಬೇಕಾಗಿಲ್ಲ.

ಟೋಟಲ್ ಲಾಸ್ ಎಂದು ಒಪ್ಪಿದ ಮೇಲೂ ಗುಜರಿಯ ಲೆಕ್ಕ ಬಾಕಿ ಇರುತ್ತದೆ, ನನಗೆ ಎಲ್ಲಕ್ಕಿಂತ ಹೆಚ್ಚು ಆಕ್ಷೇಪವಿರುವುದು ಇಲ್ಲಿ. ಕಂಪನಿ ಜಖಂ ಗಾಡಿಯನ್ನು ಆನ್‌ಲೈನ್ ಹರಾಜಿಗೆ ಹಾಕುತ್ತದೆ. ಎಲ್ಲೋ ದೂರದ ವ್ಯಾಪಾರಿ ಒಂದೂವರೆ ಲಕ್ಷ ಕೂಗಿದ ಎನ್ನಿ. 'ಐಡಿವಿಯಲ್ಲಿ ಅದನ್ನು ಕಳೆದು 2,10,000 ನಾವು ಕೊಡ್ತೀವಿ, ಉಳಿದದ್ದು ಗಾಡಿ ಮಾರಿ ನೀವೇ ತಗೊಳ್ರಿ' ಎನ್ನುತ್ತಾರೆ. ಕೂಗಿದವನು ಬಾರದಿದ್ದರೆ? ಬಂದು ಎಂಬತ್ತು ಸಾವಿರಕ್ಕೆ ಚೌಕಾಸಿ ಮಾಡಿದರೆ? ಅಷ್ಟರಲ್ಲಿ ಗ್ಯಾರೇಜಿನ ಪಾರ್ಕಿಂಗ್ ಬಾಡಿಗೆ ದಿನದಿನಕ್ಕೂ ಏರುತ್ತಿರುತ್ತದೆ. ಇಷ್ಟರ ಹೊಣೆಯೆಲ್ಲ ಮಾಲೀಕನ ತಲೆಗೆ. ಗುಜರಿಯನ್ನು ತಾನೇ ಇಟ್ಟುಕೊಳ್ಳುತ್ತೇನೆ ಎಂದವನಿಗೆ ಅದರ ಬೆಲೆ ಕಳೆಯುವುದು ನ್ಯಾಯ. ಬೇಡ ಎಂದವನ ಕೊರಳಿಗೆ ಕಟ್ಟುವುದು ಅನ್ಯಾಯ. ಐಡಿವಿಯಲ್ಲಿ ಕಡ್ಡಾಯ ಕಡಿತ ಮಾತ್ರ ಹಿಡಿದು (1500 ಸಿಸಿ ಒಳಗಿನ ಕಾರಿಗೆ ಅದು ಸಾಮಾನ್ಯವಾಗಿ 1,000 ರೂಪಾಯಿ) ಉಳಿದದ್ದನ್ನು ಕೊಟ್ಟು ಗಾಡಿಯನ್ನು ಕಂಪನಿಯೇ ಒಯ್ಯಬೇಕು.

ಈ ಗುಜರಿಯ ಹಿಂದೆ ಇನ್ನೊಂದು ಅಪಾಯವಿದೆ. ಆರ್‌ಸಿ ರದ್ದಾಗದೆ ಗಾಡಿ ಕೈಬದಲಾಗಿ, ಯಾರೋ ಅದನ್ನು ರಿಪೇರಿ ಮಾಡಿ ರಸ್ತೆಗೆ ತಂದರೆ, ಅದು ಮಾಡುವ ಅಪಘಾತಕ್ಕೆ ನೋಂದಾಯಿತ ಮಾಲೀಕನೇ ಹೊಣೆ. ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಆರ್‌ಸಿ ರದ್ದು ಮಾಡಿಸಿ ಎಂದು ಕಂಪನಿ ಕೇಳಿದರೆ ಅದನ್ನು ಕಿರಿಕಿರಿ ಎಂದುಕೊಳ್ಳಬೇಡಿ, ಆ ಮಾತು ಸರಿಯಾದದ್ದು.

ಸರ್ವೇಯರ್ ಬರೆದದ್ದೇ ಕೊನೆ ಎಂಬ ನಂಬಿಕೆಯೂ ತಪ್ಪು. ಪ್ರದೀಪ್ ಕುಮಾರ್ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಆ ವರದಿ ಅಂತಿಮವಲ್ಲ ಎಂದಿದೆ. ಅದಕ್ಕೂ ಹಿಂದೆ, 2008ರ ಧರ್ಮೇಂದ್ರ ಗೋಯಲ್ ತೀರ್ಪು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಪಾಲಿಸಿ ನವೀಕರಿಸುವಾಗ ಟಾಟಾ ಸುಮೋಗೆ 3,54,000 ರೂಪಾಯಿ ಬೆಲೆ ಒಪ್ಪಿ ಪ್ರೀಮಿಯಂ ತೆಗೆದುಕೊಂಡ ಕಂಪನಿ, ಅಪಘಾತವಾದ ಮೇಲೆ ಅಷ್ಟು ಬಾಳುವುದಿಲ್ಲ ಎಂದಿತು. ಒಪ್ಪಿದ ಬೆಲೆಯನ್ನು ಕೊಡುವ ಹೊತ್ತಿಗೆ ನಿರಾಕರಿಸುವುದು ಕಾನೂನಿಗೂ ನೀತಿಗೂ ವಿರುದ್ಧ ಎಂದು ಕೋರ್ಟ್ ಕಟುವಾಗಿಯೇ ಹೇಳಿತು. ಇಷ್ಟು ವರ್ಷಗಳ ನಂತರವೂ ಜನ ಇದೇ ಮಾತಿಗೆ ಹೋರಾಡಬೇಕಾಗಿರುವುದು ಬೇಸರದ ಸಂಗತಿ.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ನೂರಾರು ರೂಪಾಯಿ ಪ್ರೀಮಿಯಂ ಉಳಿಸಲು ಏಜೆಂಟ್ ಐಡಿವಿಯನ್ನು ಐವತ್ತು ಸಾವಿರ ಇಳಿಸುತ್ತಾನೆ, ಮಾಲೀಕ ಪಾಲಿಸಿ ತೆರೆದು ನೋಡುವುದಿಲ್ಲ. ಹಾಗೆ ಇಳಿಸಿದ ಬೆಲೆಯ ಮೇಲೆ ಆಮೇಲೆ ಯಾವ ಕೋರ್ಟೂ ಏರಿಸಿ ಕೊಡಲಾರದು. ಥರ್ಡ್ ಪಾರ್ಟಿ ಮಾತ್ರ ಇದ್ದವರಿಗಂತೂ ಸ್ವಂತ ಗಾಡಿಗೆ ಬಿಡಿಗಾಸೂ ಇಲ್ಲ.

ಕಂಪನಿ ಹೇಳುವ ಮೊತ್ತ ಫೋನಿನಲ್ಲಿ ಬಂದರೆ ಒಪ್ಪಬೇಡಿ, ಬರಹದಲ್ಲಿ ಕೇಳಿ. ಸರ್ವೆ ವರದಿಯ ಪ್ರತಿ, ಗುಜರಿ ಹರಾಜಿನ ವಿವರ, ಪ್ರತಿ ಕಡಿತಕ್ಕೂ ಕಾರಣ, ಇವಿಷ್ಟೂ ಕಾಗದದ ಮೇಲೆ ಬರಲಿ. ಸಾಲದ ಕಂತಿನ ಒತ್ತಡಕ್ಕೆ, ಪೂರ್ತಿ ಹಣ ಸಂದಿತೆಂದು ಬರೆದುಕೊಡುವ ಡಿಸ್ಚಾರ್ಜ್ ವೋಚರಿಗೆ ಸಹಿ ಹಾಕಿದ್ದರೂ ಧೈರ್ಯ ಬಿಡಬೇಡಿ. ಆ ಸಹಿಯಿಂದ ಹೆಚ್ಚಿನ ಹಣ ಕೇಳುವ ಹಕ್ಕು ಹೋಗುವುದಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಮೊದಲು ಕಂಪನಿಗೆ ಲಿಖಿತ ದೂರು ಕೊಡಿ, ತಿಂಗಳೊಳಗೆ ಸರಿಹೋಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಿರಿ. ಶುಲ್ಕವಿಲ್ಲ, ವಕೀಲರು ಬೇಡ, ಆನ್‌ಲೈನ್ ದೂರಿಗೂ ಅವಕಾಶವಿದೆ, ಕಂಪನಿಯ ಉತ್ತರ ಬಂದು ಒಂದು ವರ್ಷ ಮೀರಬಾರದು. ಅದು ಬೇಡವಾದರೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗವಿದೆ, ಅಲ್ಲಿಗೆ ಎರಡು ವರ್ಷದ ಗಡುವು, ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ.